ಹಳೆ ಬೈಕಿಗೆ ಕ್ಯಾಲಿಪರ್ ಬ್ರಾಕೆಟ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರಮ್ ತೆಗೆದು ಡಿಸ್ಕ್ ಹಾಕಬೇಕು ಅಂತಲೋ, ತುಕ್ಕು ಹಿಡಿದ ಹಳೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬದಲು ಹೊಸ ಕಾಲದ್ದು ಕೂರಿಸಬೇಕು ಅಂತಲೋ ಹೊರಟವರು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಕ್ಯಾಲಿಪರ್ ಕೈಯಲ್ಲಿದೆ, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಎದುರಿಗಿದೆ, ಎರಡನ್ನೂ ಸೇರಿಸುವ ತುಂಡು ಮಾತ್ರ ಎಲ್ಲೂ ಸಿಗುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಆಗ ಏಳುವ ಪ್ರಶ್ನೆಗಳು ಇಲ್ಲಿವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಳೆಯುವ ವರ್ನಿಯರ್ ಕ್ಯಾಲಿಪರನ್ನೂ ಕೆಲವರು ಬರೀ ಕ್ಯಾಲಿಪರ್ ಅನ್ನುತ್ತಾರೆ. ಗೊಂದಲ ಬೇಡ. ಇಲ್ಲಿ ಅದು ವರ್ನಿಯರ್, ಬ್ರೇಕಿನದು ಕ್ಯಾಲಿಪರ್.

ಬ್ರಾಕೆಟ್ ಅಂದ್ರೆ ಒಂದು ಪಟ್ಟಿ ತಾನೆ? ಅದರಲ್ಲಿ ಅಷ್ಟೊಂದು ಯೋಚಿಸುವುದು ಏನಿದೆ?

ನೋಡೋಕೆ ಪಟ್ಟಿಯೇ. ನಾಲ್ಕು ತೂತು, ಒಂದೆರಡು ತಿರುವು, ಅಷ್ಟೇ. ಆದರೆ ಬ್ರೇಕ್ ಹಿಡಿದಾಗ ಪ್ಯಾಡುಗಳು ಡಿಸ್ಕನ್ನು ಕಚ್ಚುತ್ತವೆ, ಡಿಸ್ಕ್ ಕ್ಯಾಲಿಪರನ್ನೂ ತನ್ನ ಜೊತೆ ಸುತ್ತಿಸಿಕೊಂಡು ಹೋಗಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ಈ ಪಟ್ಟಿ. ಬೈಕನ್ನು ನಿಲ್ಲಿಸುವ ಬಲ ಪೂರ್ತಿ ಇದರ ಮೂಲಕವೇ ಫೋರ್ಕಿಗೆ ಹೋಗುತ್ತದೆ.

ಇನ್ನೊಂದು ಕೆಲಸವೂ ಇದೆ. ಕ್ಯಾಲಿಪರನ್ನು ಡಿಸ್ಕಿಗೆ ನೇರವಾಗಿ, ನಟ್ಟನಡುವೆ ಹಿಡಿದಿಡಬೇಕು. ಜನ ಎಡವುವುದು ಇಲ್ಲೇ. ಮುರಿದ ಬ್ರಾಕೆಟ್ ನಾನು ನೋಡಿದ್ದು ಕಡಿಮೆ. ಸೊಟ್ಟ ಕೂತ ಬ್ರಾಕೆಟ್ ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಇದು ಲೋಹದ ಕೆಲಸಕ್ಕಿಂತ ಜಾಸ್ತಿ ಅಳತೆಯ ಕೆಲಸ ಅನ್ನುವುದು ನನ್ನ ಅಭಿಪ್ರಾಯ.

ಅದರ ಮೇಲೆ ಎಷ್ಟು ಬಲ ಬೀಳುತ್ತದೆ?

ಲೆಕ್ಕ ಹಾಕಿಯೇ ನೋಡೋಣ. ಬೈಕು, ಸವಾರ ಸೇರಿ 250 ಕಿಲೋ ಅಂತಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಜೋರಾಗಿ ಹಿಡಿದರೆ ವೇಗ 0.8 ಜಿ ದರದಲ್ಲಿ (ಗುರುತ್ವದ 0.8 ಪಟ್ಟು) ಇಳಿಯಬಹುದು. ಆ ಹೊತ್ತಿಗೆ ಭಾರವೆಲ್ಲ ಮುಂದಕ್ಕೆ ವಾಲಿರುತ್ತದೆ, ಹೆಚ್ಚುಕಮ್ಮಿ ಎಲ್ಲವನ್ನೂ ಮುಂದಿನ ಚಕ್ರವೇ ಮಾಡುತ್ತದೆ. ಟೈರ್ ನೆಲ ಮುಟ್ಟುವಲ್ಲಿ ಬಲ 250 × 9.81 × 0.8, ಅಂದರೆ ಸುಮಾರು 1,960 ನ್ಯೂಟನ್.

ಟೈರಿನ ತ್ರಿಜ್ಯ 320 ಮಿ.ಮೀ. ಪ್ಯಾಡು ಡಿಸ್ಕನ್ನು ಹಿಡಿಯುವುದು ಆಕ್ಸಲಿನಿಂದ 120 ಮಿ.ಮೀ. ದೂರದಲ್ಲಿ. ಹತ್ತಿರ ಹಿಡಿದಷ್ಟೂ ಜಾಸ್ತಿ ಬಲ ಬೇಕು, ಅಲ್ವಾ? 1,960 × 320 ÷ 120 ಮಾಡಿದರೆ ಸುಮಾರು 5,200 ನ್ಯೂಟನ್ ಬರುತ್ತದೆ. 530 ಕಿಲೋ ತೂಕ ನೇತುಹಾಕಿದ ಹಾಗೆ. ಒಂದೇ ಡಿಸ್ಕ್ ಇದ್ದರೆ ಅಷ್ಟೂ ಒಂದೇ ಬ್ರಾಕೆಟ್ಟಿಗೆ. ಅದೂ ಒಂದು ಸಲ ಅಲ್ಲ, ಬ್ರೇಕ್ ಜೋರಾಗಿ ಹಿಡಿದ ಪ್ರತಿ ಸಲ.

ಡಿಸ್ಕ್ ಚಿಕ್ಕದಾದಷ್ಟೂ ಈ ಬಲ ಏರುತ್ತದೆ. ಚಿಕ್ಕ ಡಿಸ್ಕಿಗೆ ಚಿಕ್ಕ ಬ್ರಾಕೆಟ್ ಸಾಕು ಅನ್ನುವುದು ತಪ್ಪು ಲೆಕ್ಕ.

ನನ್ನ ಫೋರ್ಕಿನಲ್ಲಿ ಕ್ಯಾಲಿಪರ್ ಕೂರಿಸೋಕೆ ಲಗ್ಗೇ (ಬೋಲ್ಟ್ ಹಾಕುವ ಚಾಚು) ಇಲ್ಲ. ಏನು ಮಾಡಲಿ?

ಡ್ರಮ್ ಕಾಲದ ಫೋರ್ಕಿನಲ್ಲಿ ಬ್ರೇಕ್ ಪ್ಲೇಟನ್ನು ತಿರುಗದಂತೆ ತಡೆಯುವ ಒಂದು ಗೂಟ ಅಥವಾ ತೋಡು ಇರುತ್ತದೆ, ಅಷ್ಟೇ. ನನ್ನ ಮೊದಲ ಸಲಹೆ ಯಾವಾಗಲೂ ಒಂದೇ. ನಿಮ್ಮ ಬೈಕಿನ ಕಂಪನಿಯೇ ಮುಂದಿನ ವರ್ಷಗಳಲ್ಲಿ ಡಿಸ್ಕಿನ ಮಾಡೆಲ್ ತಂದಿದೆಯಾ ನೋಡಿ. 1969ರಲ್ಲಿ ಹೋಂಡಾ ಸಿಬಿ750 ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಹಾಕಿಕೊಂಡು ಬಂತು. 70ರ ದಶಕದಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಎಷ್ಟೋ ಸಲ ಫೋರ್ಕಿನ ಮೇಲಿನ ಕೊಳವೆ ಅದೇ ಅಳತೆಯದ್ದು ಇರುತ್ತದೆ, ಕೆಳಗಿನ ಕಾಲು ಮಾತ್ರ ಲಗ್ ಸಮೇತ ಬೇರೆ. ಆ ಕಾಲು ಸಿಕ್ಕರೆ ಅರ್ಧ ತಲೆನೋವು ಮುಗಿಯಿತು.

ಸಿಗದಿದ್ದರೆ ಬ್ರಾಕೆಟ್ಟನ್ನು ಆಕ್ಸಲ್ ಮೇಲೆ ಕೂರಿಸಿ, ಹಳೆ ಗೂಟಕ್ಕೆ ಆನಿಸಬಹುದು. ಆದರೆ ಗೂಟ ಆಕ್ಸಲಿಗೆ ಎಷ್ಟು ಹತ್ತಿರವೋ ಅಷ್ಟು ಕಷ್ಟ. ಮೇಲಿನ ಲೆಕ್ಕದಲ್ಲೇ ಗೂಟ 80 ಮಿ.ಮೀ. ದೂರ ಇದ್ದರೆ ಅದರ ಮೇಲೆ 7,800 ನ್ಯೂಟನ್ ಬೀಳುತ್ತದೆ. "ಡ್ರಮ್ ಇದ್ದಾಗಲೂ ಇದೇ ಗೂಟ ತಡೆದಿತ್ತಲ್ಲ" ಅಂತ ಕೇಳುತ್ತಾರೆ. ತಡೆದಿತ್ತು, ನಿಜ. ಅಷ್ಟು ಜೋರಾಗಿ ಬೈಕ್ ನಿಲ್ಲಿಸುವ ತಾಕತ್ತು ಆ ಡ್ರಮ್ಮಿಗೆ ಇತ್ತಾ ಅನ್ನುವುದು ಬೇರೆ ಮಾತು.

ಫೋರ್ಕ್ ಕಾಲಿನ ಸುತ್ತ ಬರೀ ಕ್ಲ್ಯಾಂಪ್ ಬಿಗಿದು ಕ್ಯಾಲಿಪರ್ ನೇತುಹಾಕುವುದನ್ನೂ ನೋಡಿದ್ದೇನೆ. ನಾನಂತೂ ಆ ಬೈಕ್ ಹತ್ತುವುದಿಲ್ಲ.

ಫೋರ್ಕ್ ಕಾಲಿಗೆ ಲಗ್ ವೆಲ್ಡ್ ಮಾಡಿಸಬಹುದಾ?

ಬೇಡ. ಕೆಳಗಿನ ಕಾಲು ಎರಕದ ಅಲ್ಯೂಮಿನಿಯಂ ಆಗಿದ್ದರೆ ಬಿಸಿಗೆ ಒಳಗಿನ ಕೊರೆ ಸೊಟ್ಟಗಾಗುತ್ತದೆ, ಫೋರ್ಕ್ ಸಿಕ್ಕಿಕೊಳ್ಳುತ್ತದೆ. ಐವತ್ತು ವರ್ಷ ಎಣ್ಣೆ ಕುಡಿದ ಎರಕದ ಮೇಲೆ ವೆಲ್ಡ್ ಸರಿಯಾಗಿ ಹಿಡಿಯುವುದೂ ಇಲ್ಲ. ಮೇಲೆ ಚೆಂದ ಕಾಣುತ್ತದೆ, ಒಳಗೆ ಗುಳ್ಳೆ.

ಯಾವ ಕ್ಯಾಲಿಪರ್ ತಗೊಳ್ಳಲಿ?

ಪ್ಯಾಡು ಸುಲಭವಾಗಿ ಸಿಗುವ, ರಿಪೇರಿ ಕಿಟ್ ಸಿಗುವ ಕ್ಯಾಲಿಪರ್ ತಗೊಳ್ಳಿ. ಚೆಂದ ಆಮೇಲೆ. ಎರಡು ಬೋಲ್ಟ್ ಪಕ್ಕದಿಂದ ಹೋಗುವ ಕ್ಯಾಲಿಪರ್ ಹಳೆ ಬೈಕಿಗೆ ಸುಲಭ. ನಾಲ್ಕು ಪಿಸ್ಟನ್ನಿನ ಬ್ರೆಂಬೊ ಪಿ4 30/34 ಈ ಕೆಲಸಕ್ಕೆ ತುಂಬ ಜನ ಬಳಸುತ್ತಾರೆ, ಅದರ ಬೋಲ್ಟುಗಳ ನಡುವೆ 40 ಮಿ.ಮೀ. ಅಂತರ. ರೇಡಿಯಲ್ ಕ್ಯಾಲಿಪರುಗಳಲ್ಲಿ 100 ಮತ್ತು 108 ಮಿ.ಮೀ. ಎರಡೂ ಚಾಲ್ತಿಯಲ್ಲಿವೆ. ರೇಡಿಯಲ್ ಬೋಲ್ಟುಗಳು ಫೋರ್ಕಿನ ಹಿಂದಿನಿಂದ ಚಕ್ರದ ಕಡೆ ಮುಖ ಮಾಡಿರುತ್ತವೆ. ಅದಕ್ಕೆ ಚಪ್ಪಟೆ ಪಟ್ಟಿ ಸಾಲದು, ದಪ್ಪ ಗಟ್ಟಿಯಿಂದ ಕೊರೆದು ತೆಗೆದ ಬ್ರಾಕೆಟ್ ಬೇಕು. ಮೊದಲ ಸಲ ಮಾಡುವವರಿಗೆ ಅದು ಬೇಡ.

ತಾಕತ್ತಿನ ಆಸೆಯನ್ನೂ ಸ್ವಲ್ಪ ಹಿಡಿತದಲ್ಲಿಡಿ. ಹಳೆ ಫೋರ್ಕಿನ ಕಾಲು ತೆಳು. ಒಂದೇ ಕಡೆ ಡಿಸ್ಕ್ ಇದ್ದರೆ ಆ ಕಡೆಗೆ ತಿರುಚುತ್ತದೆ. ಕಡಿಮೆ ಅಗಲದ 19 ಇಂಚಿನ ಟೈರಿಗೂ ಹಿಡಿತದ ಮಿತಿ ಇದೆ.

ಅಳತೆ ಎಲ್ಲಿಂದ ಶುರು ಮಾಡಲಿ?

ಡಿಸ್ಕಿನಿಂದ. ಫೋರ್ಕಿನಿಂದ ಅಲ್ಲ. ಡಿಸ್ಕ್ ಎಲ್ಲಿ ತಿರುಗುತ್ತದೋ ಅಲ್ಲಿಗೆ ಕ್ಯಾಲಿಪರ್ ಹೋಗಬೇಕು. ಬ್ರಾಕೆಟ್ ಆ ಎರಡರ ಹಿಂದೆ ಬರುವ ಸಾಮಾನು.

ಮೊದಲು ಚಕ್ರದ ಬೇರಿಂಗ್ ಸರಿ ಇದೆಯಾ ನೋಡಿ, ಚಕ್ರ ಹಾಕಿ, ಆಕ್ಸಲ್ ಪೂರ್ತಿ ಬಿಗಿ ಮಾಡಿ. ಡಿಸ್ಕ್ ತಿರುಗಿಸಿ ಡಯಲ್ ಗೇಜಿನಲ್ಲಿ ಓಲಾಟ ನೋಡಿ. ಹಳೆ ವರ್ಕ್‌ಶಾಪ್ ಪುಸ್ತಕಗಳಲ್ಲಿ 0.3 ಮಿ.ಮೀ. ಮಿತಿ ಅಂತ ಬರೆದಿರುವುದು ಸಾಮಾನ್ಯ. ನನಗೆ 0.1ರ ಒಳಗೆ ಬರದಿದ್ದರೆ ಸಮಾಧಾನ ಇಲ್ಲ. ಡಿಸ್ಕೇ ಓಲಾಡುತ್ತಿದ್ದರೆ ಅದರ ಮೇಲೆ ತೆಗೆದ ಅಳತೆಗೆ ಅರ್ಥವಿಲ್ಲ.

ಈಗ ಇಡೀ ಕೆಲಸವನ್ನು ಸುಲಭ ಮಾಡುವ ಒಂದು ಉಪಾಯ. ಕ್ಯಾಲಿಪರಿಗೆ ಹೊಸ ಪ್ಯಾಡು ಹಾಕಿ, ಮಾಸ್ಟರ್ ಸಿಲಿಂಡರ್ (ಲಿವರ್ ಎಳೆದಾಗ ಎಣ್ಣೆ ತಳ್ಳುವ ಭಾಗ) ಮತ್ತು ಹೋಸ್ ಜೋಡಿಸಿ, ಬ್ರೇಕ್ ಎಣ್ಣೆ ತುಂಬಿ. ಕ್ಯಾಲಿಪರನ್ನು ಸುಮ್ನೆ ಡಿಸ್ಕಿಗೆ ಸಿಕ್ಕಿಸಿ. ಡಿಸ್ಕಿನ ಅಂಚಿಗೂ ಕ್ಯಾಲಿಪರಿನ ಒಳಬೆನ್ನಿಗೂ ನಡುವೆ 2 ಮಿ.ಮೀ. ದಪ್ಪದ ರಬ್ಬರ್ ತುಂಡು ಇಡಿ. ನಿಮಗೆ ಬೇಕಾದ ಕೋನಕ್ಕೆ ತಿರುಗಿಸಿ, ಲಿವರ್ ಎಳೆದು ಕಟ್ಟಿಬಿಡಿ. ಚಕ್ರ ತಿರುಗದಂತೆ ಒಂದು ಹಗ್ಗ. ಈಗ ಕ್ಯಾಲಿಪರ್ ತಾನೇ ತಾನಾಗಿ ಗಾಳಿಯಲ್ಲಿ ಸರಿಯಾದ ಜಾಗದಲ್ಲಿ ನಿಂತಿದೆ, ಡಿಸ್ಕಿಗೆ ನೇರವಾಗಿ. ಅದರ ಕಿವಿಗೂ (ಬೋಲ್ಟ್ ತೂತಿರುವ ಚಾಚು) ಫೋರ್ಕಿನ ಲಗ್ಗಿಗೂ ಮಧ್ಯೆ ಇರುವ ಖಾಲಿ ಜಾಗವೇ ನಿಮ್ಮ ಬ್ರಾಕೆಟ್. ಆ ಜಾಗವನ್ನು ಅಳೆಯಿರಿ.

ಒಂದು ಎಚ್ಚರಿಕೆ. ಎರಡೂ ಕಡೆ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಒಂದು ಕಡೆಯ ಪಿಸ್ಟನ್ ಬೇಗ ಹೊರಬಂದು ಇನ್ನೊಂದು ಹಿಂದೆ ಉಳಿಯಬಹುದು. ಡಿಸ್ಕಿನ ಎರಡೂ ಬದಿ ಕ್ಯಾಲಿಪರಿನ ಗೋಡೆಗೆ ಎಷ್ಟು ಅಂತರ ಇದೆ ಅಂತ ಫೀಲರ್ ಗೇಜು ಹಾಕಿ ನೋಡಿ, ಸಮ ಇಲ್ಲದಿದ್ದರೆ ಪಿಸ್ಟನ್ ಒತ್ತಿ ಸರಿಪಡಿಸಿ.

ಇದೇ ಹೊತ್ತಿಗೆ ಪ್ಯಾಡು ಪೂರ್ತಿ ಡಿಸ್ಕಿನ ಮೇಲೇ ಕೂತಿದೆಯಾ ನೋಡಿಕೊಳ್ಳಿ. ಹೊರಗೆ ಚಾಚಿದರೆ ಚಾಚಿದಷ್ಟು ಭಾಗ ಸವೆಯದೆ ತುಟಿಯ ಹಾಗೆ ಉಳಿಯುತ್ತದೆ, ಆಮೇಲೆ ಎರಡು ತುಟಿಗಳೂ ಒಂದಕ್ಕೊಂದು ತಾಗಿ ಬ್ರೇಕೇ ಹಿಡಿಯುವುದಿಲ್ಲ. ಅಳತೆ ಮುಗಿದ ಮೇಲೆ ಹಗ್ಗ, ಲಿವರ್ ಬಿಚ್ಚಿ, ಕ್ಯಾಲಿಪರನ್ನು ಅದೇ ಜಾಗದಲ್ಲಿ ಹಿಡಿದುಕೊಂಡು ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ರಿಮ್ಮಿಗೂ ಕಡ್ಡಿಗಳಿಗೂ ಕ್ಯಾಲಿಪರ್ ಎಷ್ಟು ದೂರ ಇದೆ ಅಂತಲೂ ನೋಡಿ. ಕಡ್ಡಿಗಳು ಓಡುವಾಗ ಸ್ವಲ್ಪ ಬಳುಕುತ್ತವೆ. 3 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ.

ಬ್ರಾಕೆಟ್ಟಿನ ದಪ್ಪವನ್ನು ಇದರಿಂದ ಹೇಗೆ ತೆಗೆಯುವುದು?

ಉದಾಹರಣೆಗೆ, ಡಿಸ್ಕಿನ ಮುಖದಿಂದ ಲಗ್ಗಿನ ಒಳಮುಖಕ್ಕೆ 22.0 ಮಿ.ಮೀ., ಕ್ಯಾಲಿಪರ್ ಕಿವಿಯ ಹೊರಮುಖಕ್ಕೆ 13.5 ಮಿ.ಮೀ. ಅಂತಿಟ್ಟುಕೊಳ್ಳಿ. ನಡುವಿನ 8.5 ಮಿ.ಮೀ. ಬ್ರಾಕೆಟ್ಟಿನ ಪಾಲು. ಸರಿಯಾಗಿ 8.5 ಮಾಡಲು ಹೋಗಬೇಡಿ. 10 ಮಿ.ಮೀ. ಪ್ಲೇಟ್ ತಗೊಂಡು ಕಿವಿ ಕೂರುವ ಜಾಗದಲ್ಲಿ ಮಾತ್ರ 2 ಮಿ.ಮೀ. ತಗ್ಗಿಸಿ, ಉಳಿದ 0.5ಕ್ಕೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ. ಜಾಸ್ತಿ ಇದ್ದರೆ ಮತ್ತೆ ಕೊರೆಯಬೇಕು. ಕಡಿಮೆ ಇದ್ದರೆ ಶಿಮ್ ಸಾಕು.

ಎರಡು ತೂತುಗಳ ಅಂತರ ಸರಿಯಾಗಿ ಅಳೆಯುವುದು ಹೇಗೆ?

ಕಣ್ಣಂದಾಜಿನಲ್ಲಿ ನಡುವಿನಿಂದ ನಡುವಿಗೆ ಅಳೆಯಬೇಡಿ. ವರ್ನಿಯರಿನಲ್ಲಿ ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಒಂದು ಅಳತೆ, ಒಳ ಅಂಚಿನಿಂದ ಒಳ ಅಂಚಿಗೆ ಇನ್ನೊಂದು. ಕೂಡಿಸಿ ಎರಡರಿಂದ ಭಾಗಿಸಿ. 50.2 ಮತ್ತು 29.8 ಬಂದರೆ ಅಂತರ 40.0. ಎರಡು ತೂತುಗಳ ಗಾತ್ರ ಬೇರೆ ಬೇರೆ ಇದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಫೋರ್ಕಿನ ಲಗ್ಗಿನಲ್ಲಿ ಥ್ರೆಡ್ ಇದ್ದರೆ ಇನ್ನೂ ಸುಲಭ. ಎರಡು ಹಳೆ ಬೋಲ್ಟಿನ ತಲೆ ಕತ್ತರಿಸಿ, ತುದಿಯನ್ನು ಸೂಜಿಯ ಹಾಗೆ ಚೂಪು ಮಾಡಿ, ಚೂಪು ಒಂದಿಷ್ಟು ಹೊರಗೆ ಕಾಣುವಂತೆ ಲಗ್ಗಿಗೆ ತಿರುಗಿಸಿ. ರಟ್ಟನ್ನು ಒತ್ತಿ ಹಿಡಿದು ಮೆಲ್ಲಗೆ ತಟ್ಟಿದರೆ ನಡುಬಿಂದು ಅದರ ಮೇಲೆ ಮೂಡುತ್ತದೆ.

ರಟ್ಟಿನಿಂದ ನೇರ ಲೋಹಕ್ಕೆ ಹೋಗಬಹುದಾ?

ಹೋಗಬಹುದು, ಆದರೆ ಮಧ್ಯೆ ಒಂದು ಮೆಟ್ಟಿಲು ಇರಲಿ. ರಟ್ಟಿಗೆ ದಪ್ಪ ಇಲ್ಲ, ಬಾಗುತ್ತದೆ, ಸುಳ್ಳು ಹೇಳುತ್ತದೆ. ಬ್ರಾಕೆಟ್ಟಿನಷ್ಟೇ ದಪ್ಪದ ಪ್ಲೈವುಡ್‌ನಲ್ಲಿ ಒಂದು ಮಾಡಿ, ಬೋಲ್ಟ್ ಹಾಕಿ, ಚಕ್ರ ತಿರುಗಿಸಿ ನೋಡಿ. ಫೋರ್ಕ್ ಪೂರ್ತಿ ಕೆಳಗೆ ಕೂತಾಗ ಮಡ್‌ಗಾರ್ಡಿಗೆ ತಾಗುತ್ತದಾ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೋಸ್ ಎಳೆಯುತ್ತದಾ, ಪ್ಯಾಡು ಬದಲಿಸಲು ಕೈ ಹೋಗುತ್ತದಾ. ಇವೆಲ್ಲ ಪ್ಲೈವುಡ್ಡಿನಲ್ಲೇ ಗೊತ್ತಾಗಲಿ. 3ಡಿ ಪ್ರಿಂಟರ್ ಇದ್ದರೆ ಅದರಲ್ಲೂ ಮಾಡಬಹುದು. ನೋಡೋಕೆ ಮಾತ್ರ. ಪ್ಲಾಸ್ಟಿಕ್ ಬ್ರಾಕೆಟ್ ಹಾಕಿ ಅಂಗಳದಲ್ಲೂ ಓಡಿಸಬೇಡಿ.

ಕ್ಯಾಲಿಪರ್ ಫೋರ್ಕಿನ ಮುಂದೆ ಇರಬೇಕಾ, ಹಿಂದೆಯಾ?

ನಿಲ್ಲುವ ತಾಕತ್ತಿನಲ್ಲಿ ವ್ಯತ್ಯಾಸ ಇಲ್ಲ. ಹಿಂದೆ ಇಟ್ಟರೆ ತೂಕ ಹ್ಯಾಂಡಲ್ ತಿರುಗುವ ಅಕ್ಷಕ್ಕೆ ಹತ್ತಿರ ಬರುತ್ತದೆ, ಹ್ಯಾಂಡಲ್ ಹಗುರ ಅನ್ನಿಸುತ್ತದೆ. ನಾನು ಜಾಗ ಇದ್ದರೆ ಹಿಂದೆಯೇ ಇಡುತ್ತೇನೆ.

ಇದಕ್ಕಿಂತ ಮುಖ್ಯವಾದ ವಿಷಯ ಎರಡಿವೆ. ಗಾಳಿ ತೆಗೆಯುವ ನಿಪ್ಪಲ್ ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಎಂದೂ ಹೊರಬರುವುದಿಲ್ಲ. ಇನ್ನೊಂದು, 30/34ರಂಥ ಎರಡು ಅಳತೆಯ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಡಿಸ್ಕ್ ಮೊದಲು ಚಿಕ್ಕ ಪಿಸ್ಟನ್ ಹತ್ತಿರ ಒಳಹೋಗಿ ದೊಡ್ಡದರ ಹತ್ತಿರ ಹೊರಬರಬೇಕು. ಎಡಗಡೆಯದ್ದನ್ನು ಬಲಗಡೆ ಹಾಕಿದರೆ ಇದು ತಲೆಕೆಳಗಾಗಿ ಪ್ಯಾಡು ಓರೆಯಾಗಿ ಸವೆಯುತ್ತದೆ. ಎಷ್ಟೋ ಕ್ಯಾಲಿಪರುಗಳ ಮೇಲೆ ಬಾಣದ ಗುರುತು ಇರುತ್ತದೆ. ಕೊಳ್ಳುವ ಮೊದಲೇ ನೋಡಿ.

ಅಲ್ಯೂಮಿನಿಯಂ ಒಳ್ಳೆಯದಾ, ಸ್ಟೀಲಾ?

ಎರಡೂ ಆಗುತ್ತದೆ. ಅಲ್ಯೂಮಿನಿಯಂ ಅಂದರೆ ಪಾತ್ರೆಯದ್ದೂ ಅಲ್ಲ, ಗುಜರಿಯಲ್ಲಿ ಸಿಕ್ಕ ಹೆಸರಿಲ್ಲದ ತುಂಡೂ ಅಲ್ಲ. ಗ್ರೇಡ್ ಗೊತ್ತಿರುವ ಪ್ಲೇಟ್ ಬೇಕು. 6061-ಟಿ6 (ಟಿ6 ಅಂದರೆ ಬಿಸಿ ಕೊಟ್ಟು ಗಟ್ಟಿ ಮಾಡಿದ್ದು) ಧಾರಾಳ ಸಾಕು, ಅದು ಸುಮಾರು 275 ಮೆಗಾಪ್ಯಾಸ್ಕಲ್ (ಪ್ರತಿ ಚದರ ಮಿ.ಮೀ.ಗೆ 275 ನ್ಯೂಟನ್) ಒತ್ತಡದ ತನಕ ಬಗ್ಗಿ ಹಾಗೇ ಉಳಿದುಬಿಡುವುದಿಲ್ಲ. 7075-ಟಿ6 ಇದರ ಎರಡು ಪಟ್ಟಿಗೆ ಹತ್ತಿರ ಬಲ ತಡೆಯುತ್ತದೆ. ಆದರೆ ಅದು ತುಕ್ಕು, ಬಿರುಕಿಗೆ ಬೇಗ ಸಿಕ್ಕುತ್ತದೆ, ವೆಲ್ಡಿಗಂತೂ ಆಗುವುದೇ ಇಲ್ಲ.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. 7075 ಹಾಕಿದರೆ ಬ್ರಾಕೆಟ್ ಬಿಗಿಯಾಗುತ್ತದೆ, ಬಾಗುವುದಿಲ್ಲ ಅಂದುಕೊಳ್ಳುತ್ತಾರೆ. ಬಾಗುವ ವಿಷಯದಲ್ಲಿ ಎಲ್ಲ ಅಲ್ಯೂಮಿನಿಯಂ ಮಿಶ್ರಲೋಹಗಳೂ ಹೆಚ್ಚುಕಮ್ಮಿ ಒಂದೇ. ಸ್ಟೀಲ್ ಅವುಗಳ ಮೂರು ಪಟ್ಟು ಬಿಗಿ, ತೂಕವೂ ಸುಮಾರು ಮೂರು ಪಟ್ಟು. ಲಿವರ್ ಮೆತ್ತಗಿದೆ ಅನ್ನಿಸಿದರೆ ಗ್ರೇಡ್ ಬದಲಿಸಿ ಪ್ರಯೋಜನ ಇಲ್ಲ, ಆಕಾರ ಬದಲಿಸಬೇಕು. ಜಾಗ ತೀರಾ ಕಡಿಮೆ ಇದ್ದು ತೆಳು ಪಟ್ಟಿಯೇ ಹಿಡಿಸುವುದಾದರೆ ಸ್ಟೀಲ್ ಹಾಕಿ.

6061ಕ್ಕೂ ವೆಲ್ಡ್ ಮಾಡಿಸಬೇಡಿ. ವೆಲ್ಡ್ ಆಗುತ್ತದೆ, ಆದರೆ ಆ ಬಿಸಿಗೆ ಟಿ6ರ ಗಟ್ಟಿತನ ಸುತ್ತಮುತ್ತ ಇಳಿದುಹೋಗುತ್ತದೆ.

ಎಷ್ಟು ದಪ್ಪ, ಎಷ್ಟು ಅಗಲ?

ಸಾಮಾನ್ಯವಾಗಿ ಅಲ್ಯೂಮಿನಿಯಂ 10ರಿಂದ 12 ಮಿ.ಮೀ., ಸ್ಟೀಲ್ 6ರಿಂದ 8. ಆದರೆ ಎಲ್ಲರೂ ದಪ್ಪ ಕೇಳುತ್ತಾರೆ, ಅಗಲ ಯಾರೂ ಕೇಳುವುದಿಲ್ಲ. ಲಗ್ಗಿನಿಂದ ಕ್ಯಾಲಿಪರಿಗೆ 60 ಮಿ.ಮೀ. ಚಾಚು, 5,200 ನ್ಯೂಟನ್ ಬಲ, 12 ಮಿ.ಮೀ. ದಪ್ಪ ಅಂತಿಟ್ಟುಕೊಳ್ಳಿ. ಪಟ್ಟಿ 40 ಮಿ.ಮೀ. ಅಗಲ ಇದ್ದರೆ ಅಂಚಿನಲ್ಲಿ ಸುಮಾರು 98 ಮೆಗಾಪ್ಯಾಸ್ಕಲ್ ಒತ್ತಡ ಬರುತ್ತದೆ. ಅಗಲ 50ಕ್ಕೆ ಏರಿಸಿದರೆ ಅದು 62ಕ್ಕೆ ಇಳಿಯುತ್ತದೆ. ಬರೀ 10 ಮಿ.ಮೀ. ಅಗಲ ಸೇರಿಸಿದ್ದಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿತಾಯ. ಅಲ್ಯೂಮಿನಿಯಂ ನೂರಾರು ಸಾವಿರ ಸಲ ಎಳೆದು ಬಿಟ್ಟರೆ ತನ್ನ ಮಿತಿಗಿಂತ ಎಷ್ಟೋ ಕಡಿಮೆ ಬಲಕ್ಕೇ ದಣಿದು ಬಿರುಕು ಬಿಡುತ್ತದೆ. ಆದ್ದರಿಂದ ಈ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ದಪ್ಪ ಬೇಕಾಗುವುದು ಪಕ್ಕಕ್ಕೆ ತಿರುಚುವುದನ್ನು ತಡೆಯಲು. ಕ್ಯಾಲಿಪರ್ ಬ್ರಾಕೆಟ್ಟಿನ ಸಮತಲದಿಂದ ಆಚೆ ಕೂತಷ್ಟೂ ತಿರುಚು ಜಾಸ್ತಿ.

ತೂತಿನ ನಡುವಿನಿಂದ ಅಂಚಿಗೆ ಬೋಲ್ಟ್ ವ್ಯಾಸದ ಒಂದೂವರೆ ಪಟ್ಟಾದರೂ ಲೋಹ ಇರಲಿ, ಎರಡು ಪಟ್ಟು ಇದ್ದರೆ ಚೆನ್ನ. ಒಳಮೂಲೆಗಳನ್ನು ಚೂಪು ಬಿಡದೆ ದುಂಡಗೆ ಮಾಡಿ. ತೂಕ ಇಳಿಸುವ ಅಲಂಕಾರದ ತೂತುಗಳನ್ನು ಮೊದಲ ಬ್ರಾಕೆಟ್ಟಿಗೆ ಕೊರೆಯಬೇಡಿ. ಉಳಿಯುವುದು ಒಂದು ಮುಷ್ಟಿ ಪುಡಿಯ ತೂಕ.

ನನ್ನ ಹತ್ತಿರ ಮಿಲ್ಲಿಂಗ್ ಮೆಷಿನ್ ಇಲ್ಲ. ಕೈಯಲ್ಲಿ ಮಾಡಬಹುದಾ?

ಖಂಡಿತ. ಹ್ಯಾಕ್ಸಾ, ಅರ, ಒಂದು ಡ್ರಿಲ್ ಪ್ರೆಸ್ ಸಾಕು. ಕೈ ಡ್ರಿಲ್ಲಿನಲ್ಲಿ ಮಾತ್ರ ಬೋಲ್ಟಿನ ತೂತು ಹಾಕಬೇಡಿ, ಎಷ್ಟೇ ಹುಷಾರಾಗಿದ್ದರೂ ಓರೆಯಾಗುತ್ತದೆ.

ಮೊದಲು ತೂತು, ಆಮೇಲೆ ಆಕಾರ. ಚೌಕ ಪ್ಲೇಟ್ ಇದ್ದಾಗಲೇ ಬಿಗಿದು ಹಿಡಿಯುವುದು ಸುಲಭ, ತೂತು ತಪ್ಪಿದರೂ ಬರೀ ಪ್ಲೇಟ್ ಹೋಯಿತು, ಎರಡು ದಿನದ ಅರದ ಕೆಲಸ ಹೋಗಲಿಲ್ಲ. ಎಂ10 (10 ಮಿ.ಮೀ. ವ್ಯಾಸದ) ಬೋಲ್ಟಿಗೆ 9.8 ಕೊರೆದು ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಉಪಕರಣ) ಹಾಕಿದರೆ ಬಿಗಿಯಾಗಿ ಕೂರುತ್ತದೆ. ರೀಮರ್ ಇಲ್ಲದಿದ್ದರೆ 10.2 ಡ್ರಿಲ್. 11 ಬೇಡ.

ಅಲ್ಯೂಮಿನಿಯಂ ಅರದ ಹಲ್ಲಿಗೆ ಸಿಕ್ಕಿ ಅಂಟಿಕೊಳ್ಳುತ್ತದೆ, ಆಮೇಲೆ ಆ ಅಂಟಿದ ಕಾಳೇ ಪ್ಲೇಟಿನ ಮೇಲೆ ಗೀರು ಎಳೆಯುತ್ತದೆ. ಅರಕ್ಕೆ ಮೊದಲೇ ಸೀಮೆಸುಣ್ಣ ಉಜ್ಜಿ, ಕಾಳು ಕೂರುವುದಿಲ್ಲ. ಡ್ರಿಲ್ ಮಾಡುವಾಗ ಎರಡು ಹನಿ ಸೀಮೆಎಣ್ಣೆ. ಕೊನೆಗೆ ಅಂಚುಗಳನ್ನೆಲ್ಲ ಮರಳುಕಾಗದದಲ್ಲಿ ಉಜ್ಜಿ ಗೀರು ಉಳಿಯದಂತೆ ನೋಡಿ. ಬಿರುಕು ಹುಟ್ಟುವುದು ಅಂಥ ಗೀರಿನಲ್ಲೇ.

ಹೊರಗೆ ಕತ್ತರಿಸಲು ಕೊಡುವುದಾದರೆ ಅಲ್ಯೂಮಿನಿಯಂಗೆ ವಾಟರ್‌ಜೆಟ್ ಚೆನ್ನ, ಬಿಸಿ ಇಲ್ಲ. ತೂತುಗಳನ್ನು ಮಾತ್ರ ಚಿಕ್ಕದಾಗಿ ಬಿಡಲು ಹೇಳಿ, ಕೊನೆಯ ಅಳತೆಗೆ ನೀವೇ ಕೊರೆಯಿರಿ. ವಾಟರ್‌ಜೆಟ್ ತೂತಿನ ಗೋಡೆ ಸ್ವಲ್ಪ ಓರೆ ಇರುತ್ತದೆ. ಸ್ಟೀಲನ್ನು ಲೇಸರಿನಲ್ಲಿ ಕತ್ತರಿಸಿದರೆ ಅಂಚು ಗಟ್ಟಿಯಾಗಿ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಮುರಿಯುತ್ತದೆ.

ತೂತು ಒಂದೂವರೆ ಮಿ.ಮೀ. ತಪ್ಪಿದೆ. ಅರ ಹಾಕಿ ಉದ್ದ ಮಾಡಿದರೆ ಸಾಕಲ್ವಾ?

ನನ್ನ ಮೊದಲ ಬ್ರಾಕೆಟ್ಟಿಗೆ ನಾನೂ ಇದನ್ನೇ ಮಾಡಿದ್ದೆ. ಒಂದು ತೂತು ತಪ್ಪಿತ್ತು, ಹೊಸ ಪ್ಲೇಟ್ ತರಲು ಬೇಜಾರು. ದುಂಡು ಅರ ಹಾಕಿ ತೂತನ್ನು ಅವರೆಕಾಳಿನ ಆಕಾರ ಮಾಡಿ, ದಪ್ಪ ವಾಶರ್ ಇಟ್ಟು ಬಿಗಿದೆ. ಗಟ್ಟಿಯಾಗಿಯೇ ಇತ್ತು. ಹತ್ತು ದಿನ ಆದ ಮೇಲೆ ಬ್ರೇಕ್ ಹಿಡಿದಾಗಲೆಲ್ಲ ಮುಂದಿನಿಂದ ಒಂದು ಸಣ್ಣ ಸದ್ದು. ಟಕ್. ಬಿಟ್ಟು ಬೈಕನ್ನು ಹಿಂದಕ್ಕೆ ತಳ್ಳಿ ಮತ್ತೆ ಹಿಡಿದರೆ ಇನ್ನೊಂದು ಟಕ್. ಹ್ಯಾಂಡಲ್ ಬೇರಿಂಗ್ ಅಂದುಕೊಂಡು ಅದನ್ನು ಬಿಚ್ಚಿ ಜೋಡಿಸಿದೆ. ಸದ್ದು ಹೋಗಲಿಲ್ಲ. ಕೊನೆಗೆ ಬ್ರಾಕೆಟ್ ಬಿಚ್ಚಿದರೆ ವಾಶರಿನ ಅಡಿಯಲ್ಲಿ ಉಗುರಿನ ಗಾತ್ರದ ಅರ್ಧಚಂದ್ರ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪ್ರತಿ ಸಲ ಬ್ರಾಕೆಟ್ ಅಷ್ಟು ದೂರ ಜಾರಿ ಬರುತ್ತಿತ್ತು. ಬೋಲ್ಟಿನ ಕತ್ತಿನಲ್ಲಿ ಆಗಲೇ ಒಂದು ತಗ್ಗು ಬಿದ್ದಿತ್ತು.

ಆ ಬ್ರಾಕೆಟ್ ಈಗ ಶೆಡ್ಡಿನ ಗೋಡೆಯ ಮೊಳೆಯಲ್ಲಿದೆ. ಹೊಸ ಪ್ಲೇಟ್ ತನ್ನಿ.

ಯಾವ ಬೋಲ್ಟ್ ಹಾಕಲಿ?

ಮೇಲಿನ ಕಥೆಯ ಹಿಂದೆ ಇರುವ ಲೆಕ್ಕ ಇದು. ಬ್ರಾಕೆಟ್ಟನ್ನು ಹಿಡಿದಿಡುವುದು ಬೋಲ್ಟಿನ ದೇಹ ಅಲ್ಲ, ಬೋಲ್ಟ್ ಒತ್ತಿ ಹಿಡಿದ ಎರಡು ಮುಖಗಳ ನಡುವಿನ ತಿಕ್ಕಾಟ. 8.8 ಗ್ರೇಡಿನ ಎಂ8 ಬೋಲ್ಟನ್ನು 25 ನ್ಯೂಟನ್ ಮೀಟರಿಗೆ ಬಿಗಿದರೆ ಸುಮಾರು 1,600 ಕಿಲೋ ಭಾರದಷ್ಟು ಒತ್ತುತ್ತದೆ. ಅಂಥ ಎರಡು ಬೋಲ್ಟ್, ತಿಕ್ಕಾಟ ಅದರ 15% ಅಂದರೂ 480 ಕಿಲೋ. ನಮಗೆ ಬೇಕಾದದ್ದು 530. ಎಂ10 ಆದರೆ 48 ನ್ಯೂಟನ್ ಮೀಟರಿಗೆ ಒಂದೊಂದೂ 2,400 ಕಿಲೋ ಒತ್ತುತ್ತದೆ, ಎರಡು ಸೇರಿ 720 ಕಿಲೋ ತಡೆಯುತ್ತವೆ. ಒಂದೇ ಡಿಸ್ಕಿನ ಬೈಕಿಗೆ ನಾನು ಎಂ10 ಹಾಕುವುದು ಇದಕ್ಕೇ.

ಹೊಳೆಯುವ ಸ್ಟೇನ್‌ಲೆಸ್ ಬೋಲ್ಟಿಗೆ ಮರುಳಾಗಬೇಡಿ. ಸಾಮಾನ್ಯ ಎ2-70 ಸ್ಟೇನ್‌ಲೆಸ್ 450 ಮೆಗಾಪ್ಯಾಸ್ಕಲಿಗೇ ಹಿಗ್ಗಲು ಶುರು, 8.8 ಸ್ಟೀಲ್ 640 ತನಕ ತಡೆಯುತ್ತದೆ. ಅಷ್ಟು ಬಿಗಿಯಲೂ ಆಗುವುದಿಲ್ಲ, ಅಲ್ಯೂಮಿನಿಯಂ ಜೊತೆ ಸೇರಿದರೆ ಅದನ್ನು ತಿನ್ನುತ್ತದೆ ಕೂಡ.

ಅಲ್ಯೂಮಿನಿಯಂ ಒಳಗೆ ಥ್ರೆಡ್ ಹಾಕುವುದಾದರೆ ಬೋಲ್ಟ್ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳ ಹಿಡಿದಿರಬೇಕು. ಎಂ10ಗೆ 15 ಮಿ.ಮೀ. ಪ್ಲೇಟ್ ಅಷ್ಟು ದಪ್ಪ ಇರುವುದಿಲ್ಲವಲ್ಲ, ಆಗ ಆಚೆ ಕಡೆ ನಟ್ ಹಾಕಿ. ಪದೇ ಪದೇ ಬಿಚ್ಚುವ ಜಾಗಕ್ಕೆ ಹೆಲಿಕಾಯಿಲ್ (ತೂತಿನೊಳಗೆ ಕೂರುವ ಸ್ಟೀಲ್ ಸುರುಳಿಯ ಥ್ರೆಡ್) ಹಾಕಿಸಿ. ಬಿಗಿಯುವಾಗ ಟಾರ್ಕ್ ರೆಂಚ್, ಜೊತೆಗೆ ಮಧ್ಯಮ ಥ್ರೆಡ್ ಲಾಕರ್.

ಹಳೆ ಬ್ರಿಟಿಷ್ ಬೈಕಾಗಿದ್ದರೆ ಲಗ್ಗಿನ ಥ್ರೆಡ್ ಮೆಟ್ರಿಕ್ ಅಲ್ಲ. ಸೈಕಲ್ ಥ್ರೆಡ್ ಇರಬಹುದು, ವಿಟ್‌ವರ್ತ್ ಇರಬಹುದು, ಯುಎನ್ಎಫ್ ಇರಬಹುದು. ಎರಡು ಸುತ್ತು ಹೋಗಿ ಬಿಗಿಯಾಯಿತು ಅಂತ ಸ್ಪ್ಯಾನರ್ ಹಾಕಿ ತಿರುಗಿಸಬೇಡಿ. ಥ್ರೆಡ್ ಗೇಜ್ ಇಟ್ಟು ನೋಡಿ.

ಶಿಮ್ ಎಷ್ಟು ಹಾಕಬಹುದು?

ತೆಳುವಾದ, ಗಟ್ಟಿ ಸ್ಟೀಲಿನ ಶಿಮ್ ಒಂದೆರಡು ಸರಿ. ಎರಡೂ ಬೋಲ್ಟಿಗೆ ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ಕ್ಯಾಲಿಪರ್ ವಾಲುತ್ತದೆ. ಐದಾರು ವಾಶರ್ ಪೇರಿಸಬೇಕಾಗಿ ಬಂದರೆ ಬ್ರಾಕೆಟ್ಟೇ ತಪ್ಪಾಗಿದೆ. ಎರಡೂ ಕಡೆ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರ್ ಡಿಸ್ಕಿನ ನಡುವಿನಿಂದ 0.2 ಮಿ.ಮೀ. ಒಳಗೆ ಬರಲಿ. ಜಾರುವ ಪಿನ್ ಇರುವ ಕ್ಯಾಲಿಪರ್ ಇದರಲ್ಲಿ ಸ್ವಲ್ಪ ಉದಾರಿ, ಆದರೆ ವಾಲಿದರೆ ಅದೂ ಕ್ಷಮಿಸುವುದಿಲ್ಲ.

ಹಿಂದಿನ ಚಕ್ರಕ್ಕೂ ಇದೇ ಲೆಕ್ಕಾನಾ?

ಬಲ ಕಡಿಮೆ, ತರಲೆ ಜಾಸ್ತಿ. ಹಿಂದೆ ಬ್ರಾಕೆಟ್ ಸಾಮಾನ್ಯವಾಗಿ ಆಕ್ಸಲ್ ಮೇಲೆ ಕೂರುತ್ತದೆ, ತಿರುಗದಂತೆ ಒಂದು ಟಾರ್ಕ್ ಆರ್ಮ್ ಸ್ವಿಂಗ್‌ಆರ್ಮಿಗೋ ಫ್ರೇಮಿಗೋ ಹೋಗುತ್ತದೆ. ಬ್ರಾಕೆಟ್ 10 ಮಿ.ಮೀ. ದಪ್ಪ ಇದ್ದರೆ ಆಕ್ಸಲ್ ಸ್ಪೇಸರನ್ನು ಅಷ್ಟೇ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಚಕ್ರ ಪಕ್ಕಕ್ಕೆ ಸರಿದು ಚೈನ್ ಸಾಲು ತಪ್ಪುತ್ತದೆ. ಚೈನ್ ಬಿಗಿ ಮಾಡುವಾಗ ಆಕ್ಸಲ್ ಹಿಂದೆ ಸರಿಯುತ್ತದೆ ಅನ್ನುವುದನ್ನು ತುಂಬ ಜನ ಮರೆಯುತ್ತಾರೆ. ಆಗ ಬ್ರಾಕೆಟ್ಟೂ ಸರಿಯಬೇಕು. ಆರ್ಮ್ ಅದಕ್ಕೆ ಜಾಗ ಕೊಡಬೇಕು.

ಆರ್ಮಿನ ಬೋಲ್ಟಿಗೆ ಸ್ಪ್ಲಿಟ್ ಪಿನ್ ಕಡ್ಡಾಯ. ಅದು ಕಳಚಿದರೆ ಕ್ಯಾಲಿಪರ್ ಚಕ್ರದ ಜೊತೆ ಒಂದು ಸುತ್ತು ಬರುತ್ತದೆ, ಹೋಸ್ ಕಿತ್ತುಕೊಂಡು.

ಬ್ರಾಕೆಟ್ ಸರಿಯಾಗಿದೆ, ಆದರೂ ಲಿವರ್ ಕಲ್ಲಿನ ಹಾಗಿದೆ. ಯಾಕೆ?

ಮಾಸ್ಟರ್ ಸಿಲಿಂಡರ್ ದೊಡ್ಡದಾಯಿತು. ಕ್ಯಾಲಿಪರ್ ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣವನ್ನು ಮಾಸ್ಟರಿನ ವಿಸ್ತೀರ್ಣದಿಂದ ಭಾಗಿಸಿ ನೋಡಿ. 30/34 ನಾಲ್ಕು ಪಿಸ್ಟನ್ ಸೇರಿ ಸುಮಾರು 3,230 ಚದರ ಮಿ.ಮೀ. ಮಾಸ್ಟರ್ 15.9 ಮಿ.ಮೀ. ಇದ್ದರೆ ಅನುಪಾತ 16, 14 ಇದ್ದರೆ 21, 12.7 ಇದ್ದರೆ 25ರ ಮೇಲೆ. ಅನುಪಾತ ಏರಿದಷ್ಟೂ ಲಿವರ್ ಹಗುರ, ಆದರೆ ಎಳೆತ ಉದ್ದ. ಒಂದೇ ಕ್ಯಾಲಿಪರಿಗೆ ನನಗೆ 12.7ರಿಂದ 14ರ ನಡುವೆ ಹಿಡಿಸುತ್ತದೆ. ಎರಡು ಡಿಸ್ಕಿನ ಬೈಕಿನಿಂದ ಕಿತ್ತ ಮಾಸ್ಟರ್ ಹಾಕಿದವರೇ ಹೆಚ್ಚಾಗಿ ಈ ದೂರು ಹೇಳುವುದು.

ಎಣ್ಣೆ ಡಾಟ್ 4 ಹಾಕಿ. ಸಿಲಿಕೋನಿನ ಡಾಟ್ 5 ಜೊತೆ ಬೆರೆಸಬೇಡಿ.

ಬಣ್ಣ ಹಚ್ಚಬಹುದಾ?

ಹಚ್ಚಿ, ಆದರೆ ಬೋಲ್ಟ್ ತಲೆ ಕೂರುವ ಜಾಗ, ಲಗ್ ಮತ್ತು ಕಿವಿ ತಾಗುವ ಮುಖ ಬಿಟ್ಟು. ಪೌಡರ್ ಕೋಟಿನ ಮೇಲೆ ಬಿಗಿದ ಬೋಲ್ಟ್ ದಿನ ಕಳೆದಂತೆ ಸಡಿಲ ಆಗುತ್ತದೆ, ಬಣ್ಣ ಅದರ ಅಡಿಯಲ್ಲಿ ಹಿಂಡಿಹೋಗುತ್ತದೆ. ಡಾಟ್ 4 ಚೆಲ್ಲಿದರೆ ಬಣ್ಣ ಸುಲಿಯುತ್ತದೆ. ಅಲ್ಯೂಮಿನಿಯಂಗೆ ಆನೋಡೈಸ್ ಮಾಡಿಸಿದರೆ ಈ ಎರಡೂ ಕಾಟ ಇಲ್ಲ.

ಓಡಿಸುವ ಮೊದಲು ಹೇಗೆ ಪರೀಕ್ಷೆ ಮಾಡಲಿ?

ರಾತ್ರಿ ಲಿವರ್ ಎಳೆದು ಕಟ್ಟಿಡಿ. ಬೆಳಿಗ್ಗೆ ಎಲ್ಲೂ ಹನಿ ಇರಬಾರದು. ಆಮೇಲೆ ಬೈಕ್ ಮೇಲೆ ಕೂತು, ಬ್ರೇಕ್ ಹಿಡಿದು, ಹಿಂದೆ ಮುಂದೆ ಜೋರಾಗಿ ತೂಗಿ. ಇನ್ನೊಬ್ಬರು ಬೆರಳನ್ನು ಬ್ರಾಕೆಟ್ಟಿಗೂ ಲಗ್ಗಿಗೂ ಸೇರಿಸಿ ಇಟ್ಟಿರಲಿ. ಕಣ್ಣಿಗೆ ಕಾಣದ ಜಾರುವಿಕೆ ಬೆರಳಿಗೆ ಗೊತ್ತಾಗುತ್ತದೆ. ಬೋಲ್ಟ್ ತಲೆಯಿಂದ ಬ್ರಾಕೆಟ್ ಮೇಲೆ ಬರುವ ಹಾಗೆ ಬಣ್ಣದ ಒಂದು ಗೆರೆ ಎಳೆದಿಡಿ.

ಮೊದಲ ಓಟ ಯಾರೂ ಇಲ್ಲದ ಜಾಗದಲ್ಲಿ, 10 ಕಿ.ಮೀ. ವೇಗದಲ್ಲಿ. ನಿಂತು ನೋಡಿ. ಆಮೇಲೆ 20, 30. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಹತ್ತಿಪ್ಪತ್ತು ಮೆದು ನಿಲುಗಡೆ ಬೇಕು, ಅಲ್ಲಿಯ ತನಕ ಗಕ್ಕನೆ ಹಿಡಿಯಬೇಡಿ. 50 ಕಿ.ಮೀ. ಆದ ಮೇಲೆ ಒಮ್ಮೆ, 200ರ ಹತ್ತಿರ ಮತ್ತೊಮ್ಮೆ ಟಾರ್ಕ್ ನೋಡಿ. ಬ್ರೇಕ್ ಬದಲಿಸಿದ ಬೈಕಿನ ನೋಂದಣಿ, ವಿಮೆಯ ನಿಯಮ ಒಂದೊಂದು ಕಡೆ ಒಂದೊಂದು ಥರ, ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಬ್ರೇಕ್ ಹಿಡಿದರೆ ಕಿರುಚುತ್ತದೆ. ಬ್ರಾಕೆಟ್ಟಿನ ತಪ್ಪಾ?

ಕಿರುಚಿದರೆ ಬಹುಶಃ ಪ್ಯಾಡು. ಪ್ಯಾಡಿನ ಬೆನ್ನಿಗೆ ತಾಮ್ರದ ಗ್ರೀಸ್ ತೆಳ್ಳಗೆ ಸವರಿ ನೋಡಿ. ಹಳೆ ಎರಕದ ಕಬ್ಬಿಣದ ಡಿಸ್ಕಿಗೆ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡು ಹಾಕಿದ್ದರೆ ತೆಗೆದುಬಿಡಿ, ಡಿಸ್ಕನ್ನೇ ತಿಂದುಹಾಕುತ್ತದೆ. ಕಿರುಚುವ ಬದಲು ಅದುರಿದರೆ, ಲಿವರ್ ಬೆರಳಿಗೆ ಬಡಿದ ಹಾಗಾದರೆ, ಡಿಸ್ಕಿನ ಓಲಾಟ ಅಥವಾ ಬ್ರಾಕೆಟ್ಟಿನ ಬಳುಕು. ಪ್ಯಾಡು ತೆಗೆದು ನಾಲ್ಕೂ ಮೂಲೆಯಲ್ಲಿ ದಪ್ಪ ಅಳೆಯಿರಿ. ಒಂದು ಕಡೆ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ವಾಲಿದೆ.

ಒಂದು ಸಲ ಮಾಡಿದ ಬ್ರಾಕೆಟ್ ಎಷ್ಟು ವರ್ಷ ಬರುತ್ತದೆ?

ಚೆನ್ನಾಗಿ ಮಾಡಿದ್ದು ಬೈಕಿನಷ್ಟೇ ದಿನ ಬರಬಹುದು, ನೋಡಿಕೊಂಡರೆ. ಪ್ಯಾಡು ಬದಲಿಸುವಾಗಲೆಲ್ಲ ಬ್ರಾಕೆಟ್ ಬಿಚ್ಚಿ ತೊಳೆದು, ಒಳಮೂಲೆ ಮತ್ತು ತೂತಿನ ಸುತ್ತ ಬಿರುಕು ನೋಡುವ ಕೆಂಪು ಡೈ ಹಾಕಿ ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆಯಿರಿ. ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿದರೂ ಆ ಬ್ರಾಕೆಟ್ಟಿನ ಕಥೆ ಮುಗಿಯಿತು. ಪ್ಲೈವುಡ್ಡಿನ ಅಚ್ಚನ್ನು ಎಸೆಯದೆ ಇಟ್ಟಿದ್ದರೆ ಹೊಸದಕ್ಕೆ ಒಂದು ಭಾನುವಾರ ಸಾಕು.